ಸರ್ವರ್ ಹೊಣೆ ಹೊತ್ತ ಸೋದರಳಿಯನಿಗೆ

ಚಿ. ಪ್ರಣವನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಉಬುಂಟು 22.04 ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ ನಡೆಯುವ ಕಚೇರಿಯ ಸರ್ವರ್ ವರ್ಷಕ್ಕೂ ಮೇಲೆ ಒಮ್ಮೆಯೂ ರೀಬೂಟ್ ಆಗದೆ ಓಡುತ್ತಿದೆಯೆಂದು ನೀನು ಹೆಮ್ಮೆಯಿಂದ ಬರೆದಿದ್ದೀಯೆ. ಓದಿದಾಗ ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಯಿತು. ಅಪ್‌ಡೇಟ್‌ಗಳು ತಾವಾಗಿಯೇ ಬರುತ್ತಿವೆ ಎಂಬ ನಿನ್ನ ಮಾತು ನಿಜವಿರಬಹುದು. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಎಂಬ ವ್ಯವಸ್ಥೆ ಭದ್ರತಾ ಪ್ಯಾಚ್‌ಗಳನ್ನು (ದೋಷ ಮುಚ್ಚುವ ತಿದ್ದುಪಡಿಗಳನ್ನು) ದಿನವೂ ಹುಡುಕಿ ತಂದು ಹಾಕುತ್ತದೆ. ಆದರೆ ಅದು ಹಾಕುವುದು ಡಿಸ್ಕಿಗೆ. ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನ ಹೊಸ ಆವೃತ್ತಿ ಡಿಸ್ಕಿನಲ್ಲಿ ಬಂದು ಕುಳಿತಿದ್ದರೂ, ರೀಬೂಟ್ ಮಾಡುವವರೆಗೆ ಮೆಮೊರಿಯಲ್ಲಿ ಓಡುತ್ತಿರುವುದು ವರ್ಷದ ಹಿಂದಿನ, ದೋಷಗಳೆಲ್ಲ ಜಗಜ್ಜಾಹೀರಾಗಿರುವ ಹಳೆಯ ಕರ್ನೆಲ್ಲೇ. ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಲೈಬ್ರರಿಗಳ ಕಥೆಯೂ ಇದೇ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದ ದಿನವೇ ಪ್ಯಾಚ್ ಕೂಡ ಬಂದಿತ್ತು. ಆದರೂ ಪ್ಯಾಕೇಜನ್ನು ಹೊಸದಾಗಿಸಿ ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡದೆ ಬಿಟ್ಟ ಕಡೆ ಹಳೆಯ ಲೈಬ್ರರಿಯೇ ಮೆಮೊರಿಯಲ್ಲಿ ಉಳಿದು, ಪಾಸ್‌ವರ್ಡ್‌ನಿಂದ ಖಾಸಗಿ ಕೀಲಿಯವರೆಗೆ ಯಾವುದು ಬೇಕಾದರೂ ಸೋರಿಹೋಗಬಹುದಾದ ಸ್ಥಿತಿ ಹಾಗೆಯೇ ಮುಂದುವರಿಯುತ್ತಿತ್ತು. ಆದ್ದರಿಂದ ವಾರಕ್ಕೊಮ್ಮೆಯಾದರೂ ‘ವಾರ್’ ಎಂಬ ಡೈರೆಕ್ಟರಿಯೊಳಗಿನ ‘ರನ್’ ಎಂಬುದರಲ್ಲಿ ‘ರೀಬೂಟ್-ರಿಕ್ವೈರ್ಡ್’ ಎಂಬ ಫೈಲ್ ಹುಟ್ಟಿಕೊಂಡಿದೆಯೇ ನೋಡು. ಇದ್ದರೆ, ಯಾವ ಪ್ಯಾಕೇಜುಗಳ ದೆಸೆಯಿಂದ ಹುಟ್ಟಿತೆಂಬುದು ಅದರ ಪಕ್ಕದ ಫೈಲಿನಲ್ಲೇ ಬರೆದಿರುತ್ತದೆ.

ರೀಬೂಟ್ ಮಾಡಿದರೆ ಸರ್ವರ್ ಮತ್ತೆ ಏಳದಿದ್ದರೆ ಎಂಬ ನಿನ್ನ ಭಯ ನನಗೆ ಅರ್ಥವಾಗುತ್ತದೆ. ಏಳಲಾರದ ಸರ್ವರ್ ಈಗಾಗಲೇ ಕೆಟ್ಟಿದೆ, ನಮಗದು ತಿಳಿದಿಲ್ಲ ಅಷ್ಟೆ. ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟ ದಿನ ಅದನ್ನು ಕಂಡುಕೊಳ್ಳುವುದಕ್ಕಿಂತ, ನೀನೇ ಗೊತ್ತುಮಾಡಿ ಎಲ್ಲರಿಗೂ ಮೊದಲೇ ತಿಳಿಸಿದ ಒಂದು ಶನಿವಾರ ರಾತ್ರಿ, ಬ್ಯಾಕಪ್ ಕೈಯಲ್ಲಿಟ್ಟುಕೊಂಡು ಕಂಡುಕೊಳ್ಳುವುದು ಲೇಸು. ಬಹಳ ಸಲ ಇಂಥ ತೊಂದರೆಗೆ ಕಾರಣ ಪ್ಯಾಚ್ ಆಗಿರುವುದೇ ಇಲ್ಲ. ಹಿಂದೆ ಯಾರೋ ಕೈಯಿಂದ ಮೌಂಟ್ ಮಾಡಿ (ಜೋಡಿಸಿ), ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆಯದೆ ಬಿಟ್ಟ ಡಿಸ್ಕು, ಸ್ಟಾರ್ಟ್ ಮಾಡಿ, ಬೂಟ್ ಆದಾಗ ತಾನೇ ಏಳುವಂತೆ ಎನೇಬಲ್ ಮಾಡಲು ಮರೆತ ಸರ್ವಿಸು, ಇಂಥವೇ ಆಗಿರುತ್ತವೆ. ಬ್ಯಾಕಪ್ ಎಂದೆನಲ್ಲ, ಬೇರೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

‘ಓಡುತ್ತಿರುವುದನ್ನು ಮುಟ್ಟಬೇಡ’ ಎಂದು ನಿನ್ನ ಮೇಲಧಿಕಾರಿಗಳು ಹೇಳಿದರೆ ವಾದಕ್ಕಿಳಿಯದೆ ತಾರೀಖುಗಳನ್ನು ಮುಂದಿಡು. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ 2017ರ ಮೇ 12ರಂದು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಬಿಡದೆ ಹಬ್ಬಿತಲ್ಲ, ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಹಾಗೆಂದು ಹೊಸತೆಲ್ಲ ಒಳ್ಳೆಯದೆಂದು ಹಿಗ್ಗಬೇಡ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಕಂಪ್ರೆಷನ್ ಸಾಫ್ಟ್‌ವೇರಿನ ಹೊಸ ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿರುವುದು, ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಬೆನ್ನಟ್ಟಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ನಿಂದ ಬೆಳಕಿಗೆ ಬಂತು. ಆ ಆವೃತ್ತಿಗಳು ಹೋಗಿ ಸೇರಿದ್ದು ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಟೆಸ್ಟಿಂಗ್‌ನಂಥ ಪ್ರಯೋಗದ ಶಾಖೆಗಳಿಗೆ. ಡೆಬಿಯನ್ ಸ್ಟೇಬಲ್‌ಗಾಗಲಿ ನಿನ್ನ 22.04ರಂತೆ ದೀರ್ಘಕಾಲ ಬೆಂಬಲವಿರುವ ಉಬುಂಟು ಎಲ್‌ಟಿಎಸ್‌ಗಾಗಲಿ ಅವು ತಲುಪಿರಲಿಲ್ಲ. ಎಲ್‌ಟಿಎಸ್‌ನಲ್ಲೇ ನಿಂತು ಭದ್ರತಾ ಪ್ಯಾಚ್‌ಗಳನ್ನು ತಡಮಾಡದೆ ಹಾಕಿಕೊಳ್ಳುವ ಸಪ್ಪೆ ದಾರಿಯೇ ನನಗೆ ಮೆಚ್ಚುಗೆ. 22.04ರ ಸಾಮಾನ್ಯ ಬೆಂಬಲ 2027ಕ್ಕೆ ಮುಗಿಯುತ್ತದೆ. ಮುಂದಿನ ಆವೃತ್ತಿಗೆ ಹೋಗುವ ತಾಲೀಮನ್ನು ಅದರ ಹಿಂದಿನ ವರ್ಷವೇ ಒಂದು ನಕಲು ಯಂತ್ರದಲ್ಲಿ ನಡೆಸು.

ಉಬುಂಟುವಿನ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಕಾಪಾಡುವುದು ಆಪ್ಟ್ ಮೂಲಕ ಬಂದದ್ದನ್ನು ಮಾತ್ರ, ಅದರಲ್ಲೂ ಸಮುದಾಯದವರು ನೋಡಿಕೊಳ್ಳುವ ಯೂನಿವರ್ಸ್ ವಿಭಾಗದ ಪ್ಯಾಕೇಜುಗಳಿಗೆ ಉಬುಂಟು ಪ್ರೋ ಚಂದಾ ಇಲ್ಲದೆ ಪೂರ್ಣ ಭದ್ರತಾ ಬೆಂಬಲವಿಲ್ಲ. ಡಾಕರ್ ಇಮೇಜುಗಳು, ಎಲ್ಲಿಂದಲೋ ಇಳಿಸಿಕೊಂಡು ಬಿಚ್ಚಿಟ್ಟ ಸಾಫ್ಟ್‌ವೇರುಗಳು ನಿನ್ನ ಪಾಲಿನ ಕೆಲಸ. ಅವುಗಳ ಪಟ್ಟಿಯೊಂದನ್ನು ಬರೆದಿಡು.

ಕೊನೆಯದಾಗಿ ಎಸ್‌ಎಸ್‌ಎಚ್ ವಿಷಯ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದ್ದೇನೆ ಎಂದಿದ್ದೀಯೆ, ಆದರೆ ಮುಖ್ಯ ಕಾನ್ಫಿಗ್ ಫೈಲಿನಲ್ಲಿ ‘ನೋ’ ಎಂದು ಬರೆದ ಮಾತ್ರಕ್ಕೆ ನಂಬಬೇಡ. ಉಬುಂಟುವಿನಲ್ಲಿ ಆ ಫೈಲು ತನ್ನ ಆರಂಭದಲ್ಲೇ ಪಕ್ಕದ ಡೈರೆಕ್ಟರಿಯ ತುಣುಕು ಫೈಲುಗಳನ್ನು ಓದಿಕೊಳ್ಳುತ್ತದೆ, ಮೊದಲು ಕಂಡ ಮೌಲ್ಯವೇ ಊರ್ಜಿತವಾಗುತ್ತದೆ. ಸರ್ವರ್ ಮೊದಲ ಸಲ ಏಳುವಾಗ ಅದನ್ನು ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಅಲ್ಲಿ ‘ಯೆಸ್’ ಎಂದು ಬರೆದಿಟ್ಟಿದ್ದರೆ ನೀನು ಕೆಳಗೆ ಬರೆದದ್ದು ವ್ಯರ್ಥ. ಎಸ್‌ಎಸ್‌ಎಚ್‌ಡಿ ಕಮಾಂಡನ್ನು ದೊಡ್ಡಕ್ಷರದ ಟಿ ಆಪ್ಷನ್‌ನೊಂದಿಗೆ ರೂಟ್ ಆಗಿ ಓಡಿಸಿದರೆ ಆ ಫೈಲುಗಳನ್ನೆಲ್ಲ ಓದಿದ ಮೇಲೆ ಊರ್ಜಿತವಾಗುವ ಸೆಟ್ಟಿಂಗ್ ಕಾಣುತ್ತದೆ. ತಿದ್ದುವಾಗ ತೆರೆದಿರುವ ಸೆಷನ್ ಮುಚ್ಚಬೇಡ. ಇನ್ನೊಂದು ಟರ್ಮಿನಲ್‌ನಿಂದ ಕೀಲಿ ಬಳಸಿ ಒಳಗೆ ಹೋಗಲು ಸಾಧ್ಯವಾದ ಮೇಲೆಯೇ ಮುಚ್ಚು. ಏನು ಕಂಡಿತೆಂದು ನನಗೆ ಬರೆ.

ಅಣ್ಣ ಅತ್ತಿಗೆಯರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅತ್ತೆ