ಆಲೆಮನೆಯ ವಾಸನೆ ಬಂತು ಮಾರಾಯ

ಪ್ರೀತಿಯ ಗೆಳೆಯಾ,

ಮೂರು ದಿನದಿಂದ ವಾಸ್ಕೋದಲ್ಲಿ ಮಳೆ ಬಿಟ್ಟಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಮೊದಲು ಒಂದು ಹೊಸ ವಿಸ್ಕಿ ಬಾಟಲಿ ತೆಗೆದೆ. ಗ್ಲಾಸು ಮೂಗಿನ ಹತ್ತಿರ ಬಂದದ್ದೇ ತಡ, ನಿಮ್ಮ ಗದ್ದೆಯ ಆಲೆಮನೆ ನೆನಪಾಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲದ ಹದಕ್ಕೆ ಬರುತ್ತಿರುತ್ತದೆ. ಗಾಳಿ ತಿರುಗಿದಾಗ ಒಲೆಯ ಹೊಗೆಯೂ ಅದರೊಳಗೆ ಸೇರಿಕೊಳ್ಳುತ್ತದೆ. ಸಿಹಿ ಎಲ್ಲಿ ಮುಗಿಯಿತು, ಹೊಗೆ ಎಲ್ಲಿ ಶುರುವಾಯಿತು ಅಂತ ಹೇಳಲಿಕ್ಕೇ ಬರುವುದಿಲ್ಲ, ಅಲ್ವಾ? ಅದೇ ವಾಸನೆ. ಇವತ್ತೇ ನಿನಗೆ ಬರೆಯಬೇಕು ಅನ್ನಿಸಿತು.

ಇದರ ಹೆಸರು ಆರ್ಡ್‌ಮೋರ್ ಲೆಗಸಿ. ಸ್ಕಾಟ್‌ಲೆಂಡಿನ ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ (ಅದೇ ಮಾಲ್ಟ್) ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ. ಪಕ್ಕದ ಮನೆಯವರು ಹಡಗಿನ ಕೆಲಸದಲ್ಲಿದ್ದಾರೆ, ರಜೆಗೆ ಬರುವಾಗ ಡ್ಯೂಟಿ ಫ್ರೀಯಿಂದ ತಂದುಕೊಟ್ಟರು. ಸಿಂಗಲ್ ಮಾಲ್ಟ್‌ಗಳಲ್ಲಿ ಇದು ಕಡಿಮೆ ಬೆಲೆಯದು. ಇಷ್ಟು ವರ್ಷ ಹಳೆಯದು ಅಂತ ಬಾಟಲಿಯ ಮೇಲೆ ಬರೆದಿಲ್ಲ. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ 3 ವರ್ಷವಾದರೂ ಇರಬೇಕು, ಅಷ್ಟು ಇದ್ದೇ ಇರುತ್ತದೆ. ನನಗೆ ಅಷ್ಟು ಸಾಕು.

ಹೊಗೆ ಅಂದ ಕೂಡಲೇ ನೀನು ಮುಖ ಸಿಂಡರಿಸುತ್ತೀಯ, ಗೊತ್ತು. ಅವತ್ತು ಸ್ಕಾಟ್‌ಲೆಂಡಿನ ಐಲಾ ದ್ವೀಪದ ಹೊಗೆ ವಿಸ್ಕಿ ಬಾಯಿಗೆ ಹಾಕಿ, ಆಸ್ಪತ್ರೆ ವಾಸನೆ ಅಂತ ಗ್ಲಾಸು ಕೆಳಗಿಟ್ಟವನು ನೀನು. ಇದು ಹಾಗಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಆಮೇಲೆ ಒಣಗಿಸುತ್ತಾರೆ. ಆಗ ಪೀಟ್ ಸುಡುತ್ತಾರೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಗಿಡಗಂಟಿ ಕೊಳೆತು ಆದ ಮಣ್ಣು ಅದು. ಅದರ ಹೊಗೆ ಕಾಳಿಗೆ ಹತ್ತಿಕೊಳ್ಳುತ್ತದೆ. ನಮ್ಮಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಸಾಮಾನಿಗೆಲ್ಲ ಹೊಗೆ ಹತ್ತುವ ಹಾಗೆ. ಎಷ್ಟು ಹತ್ತಿದೆ ಅಂತ ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು ಅಂತ ಅಳೆಯುತ್ತಾರೆ. ಐಲಾದ ಆರ್ಡ್‌ಬೆಗ್‌ನ ಬಾರ್ಲಿ 55ರ ಸುತ್ತಮುತ್ತ. ಆರ್ಡ್‌ಮೋರ್‌ನದು 12–14 ಅಷ್ಟೇ. ಅದರಲ್ಲೂ ಲೆಗಸಿಗೆ ಹೊಗೆಯೇ ಹಾಕದ ಮಾಲ್ಟನ್ನೂ ಐದರಲ್ಲೊಂದು ಪಾಲು ಬೆರೆಸುತ್ತಾರೆ.

ಇನ್ನೊಂದು ಕೇಳು. ಹುಬ್ಬಳ್ಳಿಯ ರೂಮಿಗೆ ಸಂಬಳದ ದಿನ ಟೀಚರ್ಸ್ ವಿಸ್ಕಿ ತರುತ್ತಿದ್ದೆವಲ್ಲ? ಆರ್ಡ್‌ಮೋರ್ ಡಿಸ್ಟಿಲರಿ ಕಟ್ಟಿದ್ದೇ ಆ ಟೀಚರ್ಸ್‌ಗೋಸ್ಕರ! ವಿಲಿಯಂ ಟೀಚರ್ ಎಂಬವರ ಮಗ ಆಡಂ 1898ರಲ್ಲಿ ಕಟ್ಟಿಸಿದರು. ಅಬರ್ಡೀನ್‌ಶೈರ್‌ನ ಕೆನೆತ್‌ಮಾಂಟ್ ಅನ್ನುವ ಸಣ್ಣ ಊರು, ಪಕ್ಕದಲ್ಲೇ ರೈಲು ಹಳಿ. ಟೀಚರ್ಸ್ ಕುಡಿಯುವಾಗೆಲ್ಲ ನೀನು, "ಹಿಂದೆ ಏನೋ ಸುಟ್ಟ ರುಚಿ ಇದೆ ನೋಡು, ಅದೇ ಚಂದ" ಅನ್ನುತ್ತಿದ್ದೆ. ನನಗೆ ಆಗ ಗೊತ್ತಾಗುತ್ತಿರಲಿಲ್ಲ. ನೀನು ಹಿಡಿದದ್ದು ಇದನ್ನೇ. ಟೀಚರ್ಸ್ ಅಂದರೆ ಹತ್ತಾರು ವಿಸ್ಕಿ ಬೆರೆಸಿ ಮಾಡಿದ್ದು, ಆರ್ಡ್‌ಮೋರ್ ಕೂಡ ಅದರೊಳಗಿದೆ. ಅಲ್ಲಿ ಅವುಗಳ ನಡುವೆ ಅಡಗಿದ್ದದ್ದು ಇಲ್ಲಿ ಒಂದೇ ನಿಂತಿದೆ.

ಸೋಡಾ ಬೇಡ, ಐಸೂ ಬೇಡ. ಬಾಯಿ ಕಿರಿದಾದ ಗ್ಲಾಸಿನಲ್ಲಿ 30 ಎಂಎಲ್ ಹಾಕಿ ಹತ್ತು ನಿಮಿಷ ಸುಮ್ನೆ ಬಿಟ್ಟೆ. ಮೊದಲ ಗುಟುಕಿಗೆ ಜೇನು, ವೆನಿಲಾ. ನುಂಗಿದ ಮೇಲೆ ನಾಲಿಗೆಯ ಬದಿಯಲ್ಲಿ ಕರಿಮೆಣಸಿನಂಥ ಸಣ್ಣ ಖಾರ. ಹೊಗೆ ಕೊನೆಗೆ ಬಂತು, ಆರಿದ ಒಲೆಯ ಬೂದಿಯ ಹಾಗೆ, ಮೆಲ್ಲಗೆ. ಆಮೇಲೆ ಚಮಚದಲ್ಲಿ ನಾಲ್ಕು ಹನಿ ನೀರು ಹಾಕಿದೆ. ಆಗ ಬೆಲ್ಲದ ವಾಸನೆ ಎದ್ದು ಬಂತು ನೋಡು! ಎರಡೇ ಹನಿ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೇನೋ. 40 ಪರ್ಸೆಂಟಿನ ವಿಸ್ಕಿ, ನೀರು ಜಾಸ್ತಿಯಾದರೆ ತೆಳ್ಳಗಾಗುತ್ತದೆ. ಜೊತೆಗೆ ಅಮ್ಮ ಕೊಟ್ಟ ಗೇರುಬೀಜ ಹುರಿದುಕೊಂಡಿದ್ದೆ. ಅದಕ್ಕಿಂತ ಒಳ್ಳೆಯ ಜೊತೆ ಇದಕ್ಕಿಲ್ಲ. ಖಾರದ ಮಿಕ್ಸ್ಚರ್ ಮಾತ್ರ ಮುಟ್ಟಬೇಡ, ನಾಲಿಗೆ ಸತ್ತೇಹೋಗುತ್ತದೆ. ಒಂದೂವರೆ ಗಂಟೆ ಕೂತಿದ್ದೆ. ಇನ್ನೊಂದು ಹಾಕಿಕೊಳ್ಳಬೇಕು ಅಂತ ಅನ್ನಿಸಲೇ ಇಲ್ಲ.

ಚೌತಿಗೆ ಊರಿಗೆ ಬರುವಾಗ ತರೋಣ ಅಂದರೆ, ಪರ್ಮಿಟ್ ಇಲ್ಲದೆ ಗೋವಾ ಗಡಿ ದಾಟಿಸುವ ಹಾಗಿಲ್ಲ. ಹಾಗಾಗಿ ನೀನೇ ಬಾ. ಕಾರವಾರದಲ್ಲಿ ರೈಲು ಹತ್ತು, ಮಡಗಾಂವಿಗೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಬಾಟಲಿಗೆ ಬಿರಡೆ ಹಾಕಿ ಎತ್ತಿಟ್ಟಿದ್ದೇನೆ. ಬರುವಾಗ ಮನೆಯಿಂದ ಒಂದು ಡಬ್ಬಿ ಜೋನಿಬೆಲ್ಲ ತಾ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಿ ನೋಡಬೇಕು.

ನಿನ್ನ
ವಾಸ್ಕೋದ ಗೆಳೆಯ