ಡೆಸ್ಕ್‌ಟಾಪ್ ಕಂಪ್ಯೂಟರಿನ ಅತಿಯಾದ ಬಿಸಿ ಮತ್ತು ಅಸಮರ್ಪಕ ಪರೀಕ್ಷೆಯ ಕುರಿತು ದೂರು

ಕಲಬುರಗಿ
ದಿನಾಂಕ: 12-05-2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ‘ದೋಷವಿಲ್ಲ’ ಎಂದು ಹಿಂದಿರುಗಿಸಿದ ಕಂಪ್ಯೂಟರಿನ ಮರುಪರೀಕ್ಷೆ ಹಾಗೂ ದುರಸ್ತಿ ಕೋರಿ.

ಮಾನ್ಯರೇ,

ಕಳೆದ ಫೆಬ್ರುವರಿಯಲ್ಲಿ ನಿಮ್ಮ ಕಲಬುರಗಿಯ ಮಳಿಗೆಯಿಂದ, ರೈಝೆನ್ 5 5600ಜಿ ಪ್ರೊಸೆಸರ್ ಹಾಕಿ ನೀವೇ ಜೋಡಿಸಿದ ಸಣ್ಣ ಡೆಸ್ಕ್‌ಟಾಪನ್ನು ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಡಿಟಿಪಿ ಅಂಗಡಿಗೆ ಖರೀದಿಸಿದ್ದೆ. ಮೊದಲ ಎರಡು ತಿಂಗಳು ತಕರಾರಿರಲಿಲ್ಲ. ಏಪ್ರಿಲ್ ಎರಡನೇ ವಾರದಿಂದ, ಮದುವೆಯ ವಿಡಿಯೊ ಎಕ್ಸ್‌ಪೋರ್ಟ್‌ಗೆ ಇಟ್ಟ ಹತ್ತು ಹದಿನೈದು ನಿಮಿಷಕ್ಕೆ ಯಂತ್ರ ನಿಧಾನವಾಗುತ್ತಿದೆ. ನಾಲ್ಕು ಬಾರಿ ತಾನಾಗಿಯೇ ರೀಸ್ಟಾರ್ಟ್ ಆಗಿ ಅರ್ಧ ಮುಗಿದ ಕೆಲಸ ಹಾಳಾಗಿದೆ. ಯುಪಿಎಸ್ ಇರುವುದರಿಂದ ಇದನ್ನು ಕರೆಂಟಿನ ಮೇಲೆ ಹೊರಿಸುವಂತಿಲ್ಲ.

ನಿಮ್ಮ ಸೇವಾ ಕೇಂದ್ರವು ಯಂತ್ರವನ್ನು ಮೂರು ದಿನ ಇರಿಸಿಕೊಂಡು, ‘ಗರಿಷ್ಠ 81 ಡಿಗ್ರಿ, ಮಿತಿ 95, ದೋಷವಿಲ್ಲ’ ಎಂದು ಜಾಬ್ ಶೀಟಿನಲ್ಲಿ ಬರೆದು ಮರಳಿಸಿದೆ. ಈ ಪ್ರೊಸೆಸರಿಗೆ ತಯಾರಕರು ಹೇಳಿರುವ ಗರಿಷ್ಠ ಉಷ್ಣಾಂಶ 95 ಡಿಗ್ರಿ ಸೆಲ್ಸಿಯಸ್ ಎಂಬುದು ನಿಜ. ಆದರೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ಪರೀಕ್ಷೆ ನಡೆದದ್ದು 24 ಡಿಗ್ರಿಗೆ ಇಟ್ಟ ಎ.ಸಿ. ಕೋಣೆಯಲ್ಲಿ, ಅದೂ ಹತ್ತೇ ನಿಮಿಷ. ಪ್ರೊಸೆಸರಿನ ಮೇಲೆ ಕೂರಿಸಿದ ಫ್ಯಾನಿನ ಕೂಲರ್ ಕೋಣೆಯ ಗಾಳಿಯಿಂದಲೇ ಪ್ರೊಸೆಸರನ್ನು ತಣಿಸಬೇಕಾದ್ದರಿಂದ, ಗಾಳಿ ಎಷ್ಟು ಕಾದಿದೆಯೋ ಹೆಚ್ಚುಕಡಿಮೆ ಅಷ್ಟೇ ಪ್ರೊಸೆಸರಿನ ಬಿಸಿಯೂ ಏರುತ್ತದೆ. ನಿಮ್ಮ ಕೋಣೆಯಲ್ಲಿಯೇ 57 ಡಿಗ್ರಿ ಏರಿಕೆ ಕಂಡ ಯಂತ್ರ, ಮಧ್ಯಾಹ್ನ 39 ಡಿಗ್ರಿ ಇರುವ ನನ್ನ ಅಂಗಡಿಯಲ್ಲಿ ಎಲ್ಲಿಗೆ ಮುಟ್ಟುತ್ತದೆಂದು ಕೂಡಿ ನೋಡಬಹುದಿತ್ತು.

ನಾನು ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಲೆಕ್ಕದ ತಪ್ಪು ಹಿಡಿಯುವ ಪ್ರೈಮ್95 ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ, ಬಿಸಿ ಮತ್ತು ವೇಗವನ್ನು ಅಳೆದು ತೋರಿಸುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ದಾಖಲಿಸಿಕೊಂಡಿದ್ದೇನೆ. ಹನ್ನೆರಡನೇ ನಿಮಿಷಕ್ಕೆ ಉಷ್ಣಾಂಶ 95ಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ. ಹಾಗೆ ನಿಲ್ಲುವುದು ಕ್ಷೇಮದ ಲಕ್ಷಣವಲ್ಲ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತಿರುವುದರಿಂದ ಹಾಗಾಗುತ್ತದೆ. ವೇಗವು ಅದರ ಮೂಲ ವೇಗವಾದ 3.9 ಗಿಗಾಹರ್ಟ್ಸ್‌ಗಿಂತಲೂ ಕೆಳಗೆ, 3.4ರ ಆಸುಪಾಸಿಗೆ ಬಿದ್ದದ್ದು ದಾಖಲೆಯಲ್ಲಿದೆ. ಕೇಸಿನ ಪಕ್ಕದ ತಗಡು ಬಿಚ್ಚಿಟ್ಟು ಅದೇ ಪರೀಕ್ಷೆ ಮಾಡಿದರೆ ಬಿಸಿ 86ಕ್ಕೆ ಇಳಿದು ವೇಗವೂ ಮರಳುತ್ತದೆ. ಹಾಗಾಗಿ ನನ್ನ ತಕರಾರು ಪ್ರೊಸೆಸರಿನ ಮೇಲಲ್ಲ, ಫ್ಯಾನಿಗೂ ತೂತಿಲ್ಲದ ತಗಡಿಗೂ ನಡುವೆ ಒಂದು ಬೆರಳಿನಷ್ಟೂ ಜಾಗ ಬಿಡದ ನಿಮ್ಮ ಜೋಡಣೆಯ ಮೇಲೆ.

ರೀಸ್ಟಾರ್ಟ್‌ನದು ಬೇರೆಯೇ ಸಂಗತಿಯಿರಬೇಕು. ತಗಡು ತೆಗೆದು ತಣ್ಣಗಿಟ್ಟಾಗಲೂ ನಲವತ್ತನೇ ನಿಮಿಷಕ್ಕೆ ಲೆಕ್ಕ ತಪ್ಪಿ ಪ್ರೈಮ್95 ಪರೀಕ್ಷೆಯ ಒಂದು ವರ್ಕರ್ (ಏಕಕಾಲಕ್ಕೆ ನಡೆಯುವ ಲೆಕ್ಕಗಳಲ್ಲೊಂದು) ನಿಂತಿತು. ನೀವು ರ‍್ಯಾಮನ್ನು (ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿ) 3600ರ ವೇಗದಲ್ಲಿ ಓಡುವಂತೆ ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗಿನಲ್ಲಿ, ಹೊಂದಿಸಿದ್ದೀರಿ. ಈ ಪ್ರೊಸೆಸರಿಗೆ ಅಧಿಕೃತವಾಗಿ ಹೇಳಿರುವ ರ‍್ಯಾಮ್ ಡಿಡಿಆರ್4-3200, ಅಂದರೆ 3200ರ ವೇಗದ್ದು. ಅದನ್ನು 3200ಕ್ಕೆ ಇಳಿಸಿದ ಮೇಲೆ ಮೂರು ಗಂಟೆ ಒಂದೂ ತಪ್ಪಿಲ್ಲದೆ ಓಡಿತು. ನಿಮ್ಮ ಹತ್ತು ನಿಮಿಷದ ಪರೀಕ್ಷೆಗೆ ಇದು ಸಿಗುವುದು ಸಾಧ್ಯವೇ ಇರಲಿಲ್ಲ.

‘ನಿಮ್ಮೂರ ಬಿಸಿಲಿಗೆ ನಾವೇನು ಮಾಡೋಣ’ ಎಂದು ನಿಮ್ಮ ತಂತ್ರಜ್ಞರು ಕೇಳಿದರು. ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟುವುದು ಇಲ್ಲಿ ಮಳಿಗೆ ತೆರೆಯುವ ಮುಂಚೆಯೇ ತಮಗೆ ಗೊತ್ತಿದ್ದ ಮಾತು.

ಆದುದರಿಂದ ಜಾಲರಿಯ ತಗಡು ಅಥವಾ ಗಾಳಿಯಾಡುವ ಕೇಸನ್ನು ಉಚಿತವಾಗಿ ಒದಗಿಸಿ, 3600 ಎಂದು ಬಿಲ್ಲಿನಲ್ಲಿ ತೋರಿಸಿ ಹಣ ಪಡೆದಿರುವ ರ‍್ಯಾಮನ್ನು ಆ ವೇಗದಲ್ಲಿ ತಪ್ಪಿಲ್ಲದೆ ಓಡುವಂತೆ ಮಾಡಿ ಅಥವಾ ಬದಲಿಸಿ, ಬಳಿಕ ಕೇಸ್ ಮುಚ್ಚಿಯೇ, ಎ.ಸಿ. ಇಲ್ಲದ ಕೋಣೆಯಲ್ಲಿ ಕನಿಷ್ಠ ಎರಡು ಗಂಟೆ ಪರೀಕ್ಷಿಸಿ, ಕೋಣೆಯ ಉಷ್ಣಾಂಶವನ್ನೂ ನಮೂದಿಸಿದ ವರದಿ ಕೊಡಬೇಕೆಂದು ಕೋರುತ್ತೇನೆ. ಆಗದಿದ್ದರೆ ಹಣ ಮರಳಿಸಿರಿ. ಹದಿನೈದು ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್, ಜಾಬ್ ಶೀಟ್ ಮತ್ತು ಪರೀಕ್ಷೆಯ ದಾಖಲೆಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)