ಗುಂಡಿ ಮುಚ್ಚಿಸಿ, ಗೋಲ್ ಪೋಸ್ಟ್ ನಿಲ್ಲಿಸಿ: ನಮ್ಮ ಮೈದಾನದ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಸಾಹೇಬ್ರೇ, ನಮಸ್ಕಾರ.

ಕಾರವಾರದ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಈ ವರ್ಷದ ಸೀಸನ್ ಮುಗಿಯಿತು. ಧಾರವಾಡದಲ್ಲಿ ನಡೆದ ಅಂತರ ಕಾಲೇಜು ಟೂರ್ನಿಯಲ್ಲಿ ಮೊದಲ ಪಂದ್ಯ ಗೆದ್ದೆವು. ಎರಡನೆಯದು ಪೆನಾಲ್ಟಿ ಶೂಟೌಟ್‌ವರೆಗೆ ಹೋಯಿತು, ಸೋತೆವು. ರಾತ್ರಿ ಅರಬೈಲ್ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ಒಬ್ಬ ಹುಡುಗನೂ ಮಾತಾಡಲಿಲ್ಲ. ಆಟ ಅಂದ ಮೇಲೆ ಸೋಲು ಇದ್ದದ್ದೇ. ಆದರೆ ಈ ಸೋಲಿನಲ್ಲಿ ನಿಮ್ಮ ಕಚೇರಿಯ ಪಾಲೂ ಇದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಮೈದಾನದ ಗುಂಡಿ ಮುಚ್ಚಿಸಿ. ಕಿತ್ತು ಹಾಕಿದ ಗೋಲ್ ಪೋಸ್ಟ್ ಮತ್ತೆ ನಿಲ್ಲಿಸಿ. ಆಟದ ತಿಂಗಳುಗಳಲ್ಲಿ ಮೈದಾನ ಬಾಡಿಗೆಗೆ ಕೊಡಬೇಡಿ.

ನಾನು ಇದೇ ತಂಡದ ಹಳೇ ಗೋಲ್‌ಕೀಪರ್. ಈಗ ಬೆಳಿಗ್ಗೆ ಹುಡುಗರಿಗೆ ಪ್ರಾಕ್ಟೀಸ್ ಮಾಡಿಸಿ, ಆಮೇಲೆ ನನ್ನ ಕೆಲಸಕ್ಕೆ ಹೋಗುತ್ತೇನೆ. ಕಾರವಾರದ ಮಳೆ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನದಲ್ಲಿ ನೀರು, ಕೆಸರು. ಅಂತೂ ಮಳೆ ಬಿಟ್ಟು ನೆಲ ಗಟ್ಟಿಯಾಗಿ ಇನ್ನು ಆಡೋಣ ಅನ್ನುವಷ್ಟರಲ್ಲಿ ಅಲ್ಲಿ ವಸ್ತುಪ್ರದರ್ಶನದ ಪೆಂಡಾಲ್ ಎದ್ದಿರುತ್ತದೆ. ಅದು ಹೋದರೆ ಇನ್ನೊಂದು ಸಮಾರಂಭ. ಪೆಂಡಾಲಿನವರು ಕಂಬ ಕಿತ್ತುಕೊಂಡು ಹೋಗುತ್ತಾರೆ, ಗುಂಡಿ ಹಾಗೇ ಇರುತ್ತದೆ. ಬಾಡಿಗೆ ದುಡ್ಡು ಪಡೆದ ನೀವು ಗುಂಡಿ ಮುಚ್ಚಿಸುವುದಿಲ್ಲ. ಕಲ್ಲು, ಮೊಳೆ, ಗಾಜಿನ ಚೂರು ಹೆಕ್ಕಿ ತೆಗೆಯುವವರು ನಮ್ಮ ಹುಡುಗರು.

ಈ ಸಲ ಅಂಥ ಒಂದು ಗುಂಡಿಯಲ್ಲೇ ಎಡಬದಿಯಲ್ಲಿ ಆಡುವ ನಮ್ಮ ಲೆಫ್ಟ್ ವಿಂಗರ್‌ನ ಕಾಲು ಮುರಿಯಿತು. ಬೈತಖೋಲ್ ಕಡೆಯ ಹುಡುಗ, ತಾಯಿ ಮೀನು ಮಾರಿ ಓದಿಸುತ್ತಾರೆ. ಟೂರ್ನಿ ಹತ್ತಿರ ಬಂದಿತ್ತು. ಬೆಳಿಗ್ಗೆ ಓಡುತ್ತಾ ಬಂದವನು ಹುಲ್ಲು ಮುಚ್ಚಿದ್ದ ಗುಂಡಿಯಲ್ಲಿ ಕಾಲಿಟ್ಟ. ಮುರಿದ ಸದ್ದು ದೂರದಲ್ಲಿದ್ದ ನನಗೂ ಕೇಳಿಸಿತು. ಆಟೋ ಕರೆಸಿದೆವು, ಆದರೆ ದೊಡ್ಡ ಗೇಟಿಗೆ ಬೀಗ. ಕೀಲಿ ಯಾರ ಹತ್ತಿರ ಇದೆ ಅಂತ ಹೇಳುವವರೇ ಇರಲಿಲ್ಲ. ಕೊನೆಗೆ ನೋವಿಗೆ ಕೂಗುತ್ತಿದ್ದ ಹುಡುಗನನ್ನು ನಾಲ್ಕು ಜನ ಎತ್ತಿ ಕಂಪೌಂಡ್ ಗೋಡೆ ದಾಟಿಸಿದೆವು. ಜಿಲ್ಲಾ ಕೇಂದ್ರದಲ್ಲಿ ಸಾಹೇಬ್ರೇ, ನಡು ಊರಿನಲ್ಲಿ!

ಮರುದಿನ ನಿಮ್ಮ ಕಚೇರಿಗೆ ಹೋದೆ. ಹುಡುಗ ಹೇಗಿದ್ದಾನೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಗ್ರೌಂಡಿಗೆ ಇಳಿಯೋಕೆ ಪರ್ಮಿಷನ್ ತಗೊಂಡಿದ್ರಾ?" ಆ ಮಾತು ನನಗೆ ಇವತ್ತಿಗೂ ಮರೆಯಲು ಆಗುತ್ತಿಲ್ಲ. ಆಟದ ಮೈದಾನದಲ್ಲಿ ಆಡಲು ಬಂದ ಮಕ್ಕಳು ನಿಮ್ಮ ಕಣ್ಣಿಗೆ ಅತಿಕ್ರಮಣ ಮಾಡಿದವರ ಹಾಗೆ ಕಾಣುತ್ತಾರಾ? ಆ ಹುಡುಗನಿಗೆ ಗೋವಾದ ಒಂದು ಕ್ಲಬ್ಬಿನಿಂದ ಟ್ರಯಲ್ಸ್‌ಗೆ ಕರೆ ಬಂದಿತ್ತು. ಅದೂ ಹೋಯಿತು. ಆಸ್ಪತ್ರೆ ಖರ್ಚಿಗೆ ತಂಡದವರು ಜೆರ್ಸಿಗೆ ಅಂತ ಕೂಡಿಟ್ಟ ದುಡ್ಡು ಕೊಟ್ಟರು.

ಇನ್ನು ಪೆನಾಲ್ಟಿ ವಿಷಯ. ಗೋಲ್ ಅಂದರೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಯಾವ ಮೂಲೆಗೆ ಎಷ್ಟು ಹಾರಿದರೆ ಕೈ ಮುಟ್ಟುತ್ತದೆ ಅನ್ನುವುದು ಕೀಪರ್‌ಗೆ ದಿನಾ ಆ ಕಂಬಗಳ ನಡುವೆ ನಿಂತೇ ಬರಬೇಕು. ನಮ್ಮ ಕಂಬಗಳನ್ನು ಸ್ಟೇಜ್ ಹಾಕಲು ಅಡ್ಡ ಅಂತ ಕಿತ್ತು ಗೋಡೆ ಬದಿಗೆ ಎಸೆದಿದ್ದಾರೆ, ತುಕ್ಕು ಹಿಡಿಯುತ್ತಿವೆ. ನಮ್ಮ ಕೀಪರ್ ಎರಡು ಚೀಲ ಇಟ್ಟುಕೊಂಡು ಪ್ರಾಕ್ಟೀಸ್ ಮಾಡಿದ. ಚೀಲದ ಮೇಲೆ ಅಡ್ಡಪಟ್ಟಿ ಇರುತ್ತದಾ? ಧಾರವಾಡದಲ್ಲಿ ಅವನನ್ನು ದಾಟಿ ಹೋದ ಚೆಂಡುಗಳು ಹೆಚ್ಚಿನವು ಎತ್ತರದಲ್ಲೇ ಹೋದವು. ಅಳುತ್ತಾ ಬಂದು ನನ್ನ ಹತ್ತಿರ ಸಾರಿ ಸರ್ ಅಂದ. ಸಾರಿ ಕೇಳಬೇಕಾದವನು ಅವನಲ್ಲ.

ಬೀಚಿನಲ್ಲಿ ಆಡಿ ಅನ್ನುತ್ತಾರೆ ಕೆಲವರು. ಆಡುತ್ತೇವೆ, ಬೇರೆ ದಾರಿ ಏನಿದೆ? ಟಾಗೋರ್ ಬೀಚಿನಲ್ಲಿ ಉಬ್ಬರ ಇಳಿದ ಹೊತ್ತು ನೋಡಿ ಆಡುತ್ತೇವೆ. ಕಾಲಿಗೆ ಶಕ್ತಿ ಬರುತ್ತದೆ, ನಿಜ. ಆದರೆ ಮರಳಲ್ಲಿ ಚೆಂಡು ಪುಟಿಯುವುದಿಲ್ಲ, ಉರುಳುವುದಿಲ್ಲ. ಅಲ್ಲಿ ಕಲಿತ ಪಾಸು ಗಟ್ಟಿ ನೆಲದಲ್ಲಿ ಸೀದಾ ಲೈನ್ ಆಚೆ ಹೋಗುತ್ತದೆ.

ಮಾಜಾಳಿ ಗಡಿ ದಾಟಿದರೆ ಗೋವಾ. ಮಡಗಾಂವ್ ಪಕ್ಕದ ಫತೋರ್ಡಾ ಕ್ರೀಡಾಂಗಣದಲ್ಲಿ 2017ರಲ್ಲಿ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್ ಪಂದ್ಯಗಳೇ ನಡೆದವು. ನಮ್ಮ ಹುಡುಗರಿಗೂ ಮನೆಯಲ್ಲಿ ಅದೇ ಕೊಂಕಣಿ, ಅದೇ ಸಮುದ್ರ, ಅದೇ ಹುಚ್ಚು. ಸದಾಶಿವಗಡದ ಹುಡುಗರು ಬೆಳಗಾಗುವ ಮೊದಲೇ ಕಾಳಿ ಸೇತುವೆ ದಾಟಿ ಬರುತ್ತಾರೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಬಿದ್ದ ಮೇಲೂ ಅವರು ಬರುವುದು ಬಿಡಲಿಲ್ಲ. ಇಷ್ಟು ಆಸೆ ಇಟ್ಟುಕೊಂಡವರಿಗೆ ನಾವು ಕೇಳುತ್ತಿರುವುದು ಫತೋರ್ಡಾ ಅಲ್ಲ. ಗುಂಡಿ ಇಲ್ಲದ ನೆಲ, ನಿಂತಿರುವ ಎರಡು ಗೋಲ್ ಪೋಸ್ಟ್, ಅಷ್ಟೇ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಬಾಡಿಗೆ ಕರಾರಿನಲ್ಲಿ ಏನು ಬರೆಯಬೇಕು, ಜಾಗ ಮೊದಲಿನಂತೆ ಮಾಡಿಕೊಡದವರ ಡಿಪಾಸಿಟ್ ಹೇಗೆ ಹಿಡಿಯಬೇಕು ಅನ್ನುವುದು ನಿಮಗೇ ಜಾಸ್ತಿ ಗೊತ್ತು. ಗೊತ್ತಿದ್ದೂ ಮಾಡದೇ ಇರುವುದಕ್ಕೇ ನನಗೆ ಸಿಟ್ಟು.

ಮತ್ತೆ ಹೇಳುತ್ತೇನೆ. ಗುಂಡಿ ಮುಚ್ಚಿಸಿ. ಗೋಲ್ ಪೋಸ್ಟ್ ನಿಲ್ಲಿಸಿ. ಆಟದ ತಿಂಗಳುಗಳಲ್ಲಿ ಮೈದಾನ ಆಟಕ್ಕೇ ಬಿಡಿ. ಬೆಳಿಗ್ಗೆ ಆಟದ ಹೊತ್ತಿನಲ್ಲಿ ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಗೇಟಿನ ಮೇಲೇ ಬರೆಸಿ, ಫೋನ್ ನಂಬರ್ ಸಮೇತ. ಪರಿಶೀಲಿಸುತ್ತೇವೆ ಅನ್ನುವ ಉತ್ತರ ಬೇಡ, ಅದು ನಮ್ಮ ಹತ್ತಿರ ಬೇಕಾದಷ್ಟಿದೆ. ಯಾವ ತಾರೀಖಿಗೆ ಕೆಲಸ ಶುರು ಅಂತ ಬರೆದು ಕೊಡಿ. ಆವತ್ತು ಸಲಿಕೆ ಹಿಡಿದು ಮಣ್ಣು ಹಾಕಲು ಇಡೀ ತಂಡ ಬರುತ್ತದೆ.

ಇಂತಿ,
ತಂಡದ ಹಳೇ ಗೋಲ್‌ಕೀಪರ್, ಕಾರವಾರ